ಬೋರಲಿಂಗಯ್ಯನ ಶಾಸನ

ಬೋರಲಿಂಗಯ್ಯ ನಮ್ಮ ಮನೆಗೆ ಬಂದಾಗ ನನ್ನ ಅತ್ತೆ ಮುನಿತಾಯಮ್ಮ ಕುರ್ಚಿ ತಂದು ಹಾಕಲಿಲ್ಲ. ಅವನು ಜಗಲಿಯ ಮೇಲೆ ಕೂತ.

“ಅನೂ, ಕೋಟೆ ಬಾಗ್ಲ ತಿರ್ಗಾ ಕಟ್ಟಿಸ್ಬುಟ್ಟೆ ಕಣವ್ವ. ಅದಕ್ಕೊಂದು ಶಾಸನ ಆಗ್ಬೇಕು. ಮೈಸೂರಲ್ಲಿ ನೀನು ಅದ್ನೇ ಓದಿರೋಳು. ಹಳೇ ಕಾಲದ ಅಕ್ಸರದಲ್ಲೇ ಬರ್ಕೊಡು.”

“ನಾನೇ ಯಾಕೆ?”

“ನೀನು ಬರೆದ್ರೆ ಊರಿನ ಬಾಯಿ ಮುಚ್ತದೆ.”

ನಮ್ಮ ಬಸವನಕೋಟೆ ಕೂಟಗಲ್ಲಿನಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿದೆ. ಪಾಳೇಗಾರರ ಕೋಟೆಯಲ್ಲಿ ಉಳಿದಿದ್ದದ್ದು ಆ ಬಾಗಿಲೊಂದೇ. ಹೋದ ವರ್ಷ ಆಷಾಢದಲ್ಲಿ ಅದು ಬಿತ್ತು. ಮಳೆ ಬಂತೆಂದು ಕುರಿಗಳನ್ನು ಹೊಡೆದುಕೊಂಡು ಅದರ ಕೆಳಗೆ ನಿಂತಿದ್ದ ನನ್ನ ಗಂಡ ಸಿದ್ದರಾಮು ಸತ್ತ. ಹನ್ನೊಂದು ಕುರಿಗಳೂ ಸತ್ತವು. ಹಳೆಯ ಗೋಡೆ, ಮಳೆಗೆ ಬಿತ್ತು ಎಂದು ಪೊಲೀಸರು ಬರೆದುಕೊಂಡು ಹೋದರು.

ತಿಂಗಳಾದ ಮೇಲೆ ಬೋರಲಿಂಗಯ್ಯನ ಕಲ್ಯಾಣ ಮಂಟಪದ ಹಿಂದಿನ ಮೆಟ್ಟಿಲಲ್ಲಿ ಎರಡು ಮೀನು ಕಂಡೆ. ತಲೆಕೆಳಗಾಗಿದ್ದವು. ಕೋಟೆ ಬಾಗಿಲ ಬುಡದ ಕಲ್ಲುಗಳಲ್ಲಿ ಕೆತ್ತಿದ್ದ ಮೀನುಗಳು ಅವು. ಓದುವಾಗ ಅವುಗಳ ಅಚ್ಚು ತೆಗೆಯಲು ಬಂದಿದ್ದೆ. ಕಾಗದ ಹಾರದಂತೆ ಹಿಡಿದುಕೊಂಡವನು ಸಿದ್ದರಾಮು. ಆ ಮೆಟ್ಟಿಲು ಕಟ್ಟಿದ್ದು ಬಾಗಿಲು ಬೀಳುವ ಒಂದು ವಾರ ಮೊದಲು. ಹೇಳಬೇಕಾದವರಿಗೆಲ್ಲ ಹೇಳಿದೆ. ಯಾರೂ ಬರೆದುಕೊಳ್ಳಲಿಲ್ಲ.

“ಬರ್ಕೊಡ್ತೀನಿ” ಎಂದೆ.

ಅತ್ತೆ ನನ್ನೊಡನೆ ಮಾತು ಬಿಟ್ಟರು.

ಗಂಗರ ಕಾಲದ ಅಕ್ಷರ ಆರಿಸಿಕೊಂಡೆ. ಕಲಿಯದವರು ಅದನ್ನು ಓದಲಾರರು. ಬೋರಲಿಂಗಯ್ಯ ಹಾಳೆಯನ್ನು ದೂರ ಹಿಡಿದು ನೋಡಿದ.

“ಎಲ್ಲವ್ವ ನನ್ನೆಸ್ರು?”

ತೋರಿಸಿದೆ.

“ಒಂದೇ ಕಿತವಾ?”

“ಎರಡು ಸಲ ಇದೆ.”

ಅವನಿಗೆ ಹಿಗ್ಗು. ಕಲ್ಲುಕುಟಿಗ ಗಫಾರನಿಗೆ ಹೇಳಿದ: “ಲೇ, ನನ್ನೆಸ್ರು ಒಸಿ ಆಳವಾಗಿ ಹೊಡಿಯಲಾ. ಸಾವಿರ ವರ್ಸ ಆದ್ರೂ ಸವೀಬಾರ್ದು.”

“ನೀವು ಸವೆದೋದ್ರೂ ಅದು ಸವೆಯಾಕಿಲ್ಲ, ಬುಡಿ” ಎಂದ ಗಫಾರ್.

ಕಾರ್ತಿಕದ ಸೋಮವಾರ ಕೋಟೆ ಬಾಗಿಲ ಪಕ್ಕ ಕಲ್ಲು ನೆಟ್ಟರು. ತನ್ನ ಹೆಸರಿಗೆ ಅರಿಶಿನ ಕುಂಕುಮ ಬೀಳಬೇಕೆಂಬ ಆಸೆ ಬೋರಲಿಂಗಯ್ಯನಿಗೆ. ದೇವರಂತೆ ಪ್ರತಿಷ್ಠೆ ಮಾಡಿದರೆ ನೆಟ್ಟವನೇ ನಲವತ್ತೆಂಟು ದಿನ ದೀಪ ಹಚ್ಚಬೇಕು ಎಂದರು ಪೂಜಾರಿ. ಹಚ್ಚುತ್ತೇನೆಂದು ಊರಿನೆದುರು ಕೈಯೆತ್ತಿದ. ನಾನು ಹತ್ತಿರ ಹೋದಾಗ ಅವನ ಹೆಂಡತಿ ಮಾಯಮ್ಮ ತಡೆದಳು.

“ನೀನು ಅತ್ಲಾಗೆ ನಿಂತ್ಕಳವ್ವ. ಕಾಯಿ ಒಡ್ದು ಎಲ್ಲ ಆದ್ಮ್ಯಾಕೆ ಬರೀವಂತೆ. ಗಂಡ ಇಲ್ದೋಳು ಪೂಜೆಗೆ ಎದುರಾಗ್ಬಾರ್ದು.”

ಶಾಮಿಯಾನದ ಕಂಬದ ಹಿಂದೆ ನಿಂತೆ. ಕಾಯಿ ಒಡೆಯಿತು. ಎಡೆ ಇಟ್ಟರು. ಮಂಗಳಾರತಿ ಆಯಿತು. ಆಮೇಲೆ ಮೈಕಿನಲ್ಲಿ ಬೋರಲಿಂಗಯ್ಯನೇ ಕರೆದ: “ನಮ್ಮ ಸಿದ್ದರಾಮನ ಹೆಂಡ್ತಿ ಈಗ ಶಾಸನ ಓದ್ತಾಳೆ. ಜೋರಾಗಿ ಓದವ್ವ.”

ಜೋರಾಗಿ ಓದಿದೆ.

“ಸ್ವಸ್ತಿಶ್ರೀ. ಕ್ರೋಧಿ ಸಂವತ್ಸರದ ಆಷಾಢದಲ್ಲಿ ಬೋರಲಿಂಗಯ್ಯನು ಈ ಬಾಗಿಲ ಬುಡದ ಕಲ್ಲುಗಳನ್ನು ಕಿತ್ತು ತನ್ನ ಕಲ್ಯಾಣ ಮಂಟಪಕ್ಕೆ ಮೆಟ್ಟಿಲು ಮಾಡಿಸಿದನು. ಬುಡವಿಲ್ಲದ ಬಾಗಿಲು ಬಿದ್ದು ಮುನಿತಾಯಮ್ಮನ ಮಗ ಸಿದ್ದರಾಮು ಸತ್ತನು. ಇದಕ್ಕೆ ಮಳೆ ಕಾರಣವಲ್ಲ, ಬೋರಲಿಂಗಯ್ಯನೇ ಕಾರಣ. ಮೀನಿನ ಕಲ್ಲುಗಳೇ ಸಾಕ್ಷಿ.”

ಮೈಕು ಕುಂಯ್ ಎಂದಿತು. ಬೋರಲಿಂಗಯ್ಯ ಎದ್ದು ನಿಂತ.

“ಕೀಳಲಾ ಗಫಾರ್! ಹಾರೆ ತಗಳಲಾ!”

“ನಾನ್ ಮುಟ್ಟಾಕಿಲ್ಲ. ಪೂಜೆ ಆಗೋಗೈತೆ.”

ಮುಂದಿನ ಸಾಲಿನಲ್ಲಿದ್ದ ಮುದುಕ ಮುನಿರಾಮಯ್ಯ ಕೋಲೂರಿ ಎದ್ದ. “ಎಡೆ ಇಕ್ಕಿರೋ ಕಲ್ಲು ಕಣಪ್ಪ. ಕಿತ್ತೋನ ವಂಸ ಉಳಿಯಾಕಿಲ್ಲ. ನೆಟ್ಟೋನು ನೀನೇ. ಬೇಕಾದ್ರೆ ನೀನೇ ಕೀಳು.”

ಬೋರಲಿಂಗಯ್ಯ ಹಾರೆ ತಂದು ಕಲ್ಲಿನ ಬುಡಕ್ಕೆ ಇಟ್ಟ. ಮಾಯಮ್ಮ ಓಡಿಬಂದು ಅವನ ತೋಳು ಹಿಡಿದಳು. “ಬುಡಿ ಅತ್ಲಾಗೆ! ಮನೇಲಿ ಮೊಮ್ಮಕ್ಳವ್ರೆ!”

ಹಾರೆ ಕೆಳಗಿಟ್ಟ. ನನ್ನ ಕಡೆ ತಿರುಗಿದ.

“ಏನವ್ವ ಬೇಕು ನಿಂಗೆ?”

“ಏನೂ ಬೇಡ. ನಾಳೆ ಬೆಳಿಗ್ಗೆ ದೀಪ ಹಚ್ಚೋಕೆ ಬನ್ನಿ.”

ಬಂದ. ಎಣ್ಣೆ ಬಟ್ಟಲು ಹಿಡಿದು, ಯಾರನ್ನೂ ನೋಡದೆ. ಪಕ್ಕದ ನಲ್ಲಿಗೆ ಬಂದಿದ್ದ ಹೆಂಗಸರು ಕೊಡ ತುಂಬಿದರೂ ಹೋಗಲಿಲ್ಲ. ಗಾಳಿಗೆ ಎರಡು ಕಡ್ಡಿ ಆರಿದವು. ಅವನು ಮೂರನೆಯದನ್ನು ಗೀರುವಾಗ ನಾನು ಮೊದಲ ಸಾಲಿನಿಂದ ಓದತೊಡಗಿದೆ. ಅವನು ಬತ್ತಿ ಸರಿಮಾಡುತ್ತ ಕೂತೇ ಇದ್ದ. ದೀಪ ಹತ್ತಿ ನಿಲ್ಲುವ ತನಕ ಏಳುವಂತಿಲ್ಲ.

ಓದಿ ಮುಗಿಸಿದೆ. ಅತ್ತೆ ಯಾವಾಗ ಬಂದರೋ ತಿಳಿಯಲಿಲ್ಲ. ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು, ಸೆರಗು ಸರಿಮಾಡಿಕೊಂಡು ಹೇಳಿದರು:

“ಇನ್ನೊಂದು ಕಿತ ಓದು.”