ಎಂಬತ್ತು ಕಿಲೋ

ಮೂರನೆಯ ಸಲ ಎತ್ತುವಾಗ ಸರಳು ಎಡಗೈಯಿಂದ ಜಾರಿತು. ಬಲಗೈ ಇನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಸರಳು ಒಂದು ಪಕ್ಕಕ್ಕೆ ವಾಲಿ, ತೂಕದ ಬಿಲ್ಲೆಗಳು ರಬ್ಬರ್ ಹಾಸಿನ ಮೇಲೆ ದೊಪ್ಪನೆ ಬಿದ್ದವು. ಪಶುವೈದ್ಯರು ನೆಟ್ಟಗೆ ನಿಂತು, ಎಡಗೈಯನ್ನು ಹಿಂದು ಮುಂದು ತಿರುಗಿಸಿ ನೋಡಿಕೊಂಡರು.

"ಬೆವರು," ಅಂದರು.

"ಕೈಗೆ ಬಿಳಿ ಪುಡಿ ಹಚ್ಕೊಳ್ಳಿ ಸರ್," ಅಂದಳು ವ್ಯಾಯಾಮ ಕಲಿಸುವವಳು.

"ಹಚ್ಚಿದ್ದೀನಲ್ಲ ಮೇಷ್ಟ್ರೇ. ಇನ್ನೂ ಹಚ್ಚಿದ್ರೆ ನಾಟಕದಲ್ಲಿ ಪಾರ್ಟು ಕೊಟ್ಟುಬಿಡ್ತಾರೆ."

ಅವಳು ನಕ್ಕಳು. ಮೊದಲ ದಿನದಿಂದಲೂ ಅವರು ಅವಳನ್ನು ಕರೆಯುತ್ತಿದ್ದುದು ಹಾಗೆಯೇ, ಮೇಷ್ಟ್ರೇ ಎಂದು. ಗಾಲ್ಫ್ ಕ್ಲಬ್ಬಿನ ನೆಲಮಾಳಿಗೆಯ ಆ ವ್ಯಾಯಾಮದ ಕೋಣೆಯಲ್ಲಿ ಬೇರೆ ಸದಸ್ಯರೆಲ್ಲ ಅವಳನ್ನು ಚಪ್ಪಾಳೆ ತಟ್ಟಿಯೋ 'ಹಲೋ' ಎಂದೋ ಕರೆಯುವವರು. ಹಗಲು ಔಷಧದಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ಮೂರು ವರ್ಷ ಕುಳಿತು ವ್ಯಾಯಾಮದ ಡಿಪ್ಲೊಮಾ ಮಾಡಿಕೊಂಡವಳು ಅವಳು. ಸರಳಿನ ಎರಡು ತುದಿಗೂ ಒಂದೇ ತೂಕ ಹಾಕಿದ್ದೇನೆಯೇ ಎಂದು ಮೂರು ಸಲ ನೋಡುವಳು. ನೋಡಿದ ಮೇಲೂ ಎದೆಯಲ್ಲೊಂದು ಸಣ್ಣ ಅಳುಕು ಉಳಿದೇ ಇರುತ್ತಿತ್ತು.

ಪಶುವೈದ್ಯರಿಗೆ ಅರವತ್ನಾಲ್ಕು. ಅವರು ಬಂದದ್ದು ಗಾಲ್ಫ್ ಮೈದಾನದಲ್ಲಿ ಏಳನೆಯ ಗುಂಡಿಯ ಮುಂದಿರುವ ಕೆರೆಗಾಗಿ. ಅಲ್ಲಿ ಚೆಂಡನ್ನು ನೀರಿನ ಮೇಲಿಂದ ಆಚೆ ದಡಕ್ಕೆ ಹಾರಿಸಬೇಕು. ಮೂವರು ಗೆಳೆಯರ ಜೊತೆ ಇಪ್ಪತ್ತು ವರ್ಷ ಹಾರಿಸಿದ್ದ ಚೆಂಡು ಕಳೆದ ವರ್ಷದಿಂದ ನೀರಿಗೆ ಬೀಳತೊಡಗಿತ್ತು. ನೀರಿಗೆ ಹಾಕುವವನು ಇನ್ನು ಕೆರೆಗೆ ಹತ್ತಿರದ ಕೆಂಪು ಗೂಟದಿಂದ, ಹೆಂಗಸರೂ ಮುದುಕರೂ ಹೊಡೆಯುವ ಕಡೆಯಿಂದ, ಹೊಡೆಯಬೇಕು, ಅಲ್ಲಿಂದಾದರೆ ಅರ್ಧ ಕೆರೆ ದಾಟಿದರೆ ಸಾಕು ಎಂದು ಗೆಳೆಯರು ತೀರ್ಮಾನ ಮಾಡಿದ್ದರು. "ತಮಾಷೆಗೆ ಅಂದಿದ್ದು ಅವರು. ಆದ್ರೆ ಗೂಟ ತಮಾಷೆಗೆ ನೆಟ್ಟಿಲ್ಲ ನೋಡಿ," ಎಂದಿದ್ದರು ಮೊದಲ ದಿನ.

ಬಲ ತೋಳಿನಿಂದಲ್ಲ, ಕಾಲು ಮತ್ತು ಸೊಂಟದಿಂದ ಬರುತ್ತದೆ ಎಂದು ಅವಳು ಹೇಳಿದ್ದಳು. ಹನ್ನೆರಡು ವಾರದ ಕಾರ್ಯಕ್ರಮ ಬರೆದುಕೊಟ್ಟಳು. ವಾರಕ್ಕೆ ಮೂರು ದಿನ. ಕೂತು ಏಳುವುದು, ಸೊಂಟ ತಿರುಗಿಸಿ ಹಗ್ಗ ಎಳೆಯುವುದು, ಭಾರದ ಚೆಂಡನ್ನು ಗೋಡೆಗೆ ಎಸೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ನೆಲದಿಂದ ಸರಳು ಎತ್ತುವುದು. ಎತ್ತಿದ ತೂಕವನ್ನು ಚಾರ್ಟಿನಲ್ಲಿ ಬರೆದು ರುಜು ಹಾಕಿ ಅವರ ಕೈಗೆ ಕೊಡುತ್ತಿದ್ದಳು. ಚಾರ್ಟು ಮನೆಯ ಫ್ರಿಜ್ಜಿನ ಬಾಗಿಲಿಗೆ ಹೋಗುತ್ತಿತ್ತು, ಅವರ ಹೆಂಡತಿ ನೋಡಲೆಂದು. ಹೆಂಡತಿ ಗಣಿತದ ಟೀಚರಾಗಿ ನಿವೃತ್ತರಾದವರು. "ಅವಳಿಗೆ ಅಂಕಿ ತೋರಿಸಿದ್ರೆ ಮಾತ್ರ ನಂಬಿಕೆ," ಅನ್ನುತ್ತಿದ್ದರು.

ಇದು ಐದನೆಯ ವಾರ. ಸರಳಿನ ಮೇಲೆ ಐವತ್ತೈದು ಕಿಲೋ. ಕಾಲು ಇನ್ನೂ ಎತ್ತಬಲ್ಲದು, ಬೆನ್ನು ನೇರವಾಗಿದೆ, ಕೈಯೊಂದೇ ಸಾಲುತ್ತಿಲ್ಲ. ವಯಸ್ಸಾದವರಲ್ಲಿ ಹಿಡಿತ ಹಿಂದೆ ಬೀಳುವುದುಂಟು ಎಂದು ಅವಳು ಓದಿದ್ದಳು. ಕಪಾಟಿನಿಂದ ಎರಡು ಬಟ್ಟೆಯ ಪಟ್ಟಿಗಳನ್ನು ತೆಗೆದಳು. ಒಂದು ತುದಿಯನ್ನು ಮಣಿಕಟ್ಟಿಗೆ ಬಿಗಿದು, ಇನ್ನೊಂದನ್ನು ಸರಳಿಗೆ ಸುತ್ತಿದಳು. ಹಾಗೆ ಕಟ್ಟಿದರೆ ಬೆರಳು ಸೋತರೂ ಸರಳು ಬೀಳುವುದಿಲ್ಲ.

ಪಶುವೈದ್ಯರು ಎತ್ತಿದರು. ನಾಲ್ಕು, ಐದು, ಆರು. ಮುಖ ಅರಳಿತು.

ಅವಳು ಚಾರ್ಟಿನಲ್ಲಿ 55 ಎಂದು ಬರೆದು, ಪಕ್ಕದಲ್ಲಿ ಇನ್ನೇನೋ ಬರೆಯಲು ಪೆನ್ನು ಊರಿದಳು.

"ಪಟ್ಟಿ ಕಟ್ಟಿದ್ದು ಬರೀಬೇಡಿ ಮೇಷ್ಟ್ರೇ," ಅಂದರು. "ನನ್ನ ಹೆಂಡ್ತಿ ನೋಡಿದ್ರೆ, ಕೋಲು ಹಿಡ್ಕೊಂಡು ನಡಿಯೋನ ಓಟದ ಸ್ಪರ್ಧೆ ಅಂತಾಳೆ. ವಾರವಿಡೀ ಅದೇ ಆಗುತ್ತೆ ನನಗೆ."

ಅವಳು ಪೆನ್ನು ಎತ್ತಿದಳು. ಮುಂದಿನ ವಾರ ಹೇಗೂ ಪಟ್ಟಿ ಬೇಕಾಗುವುದಿಲ್ಲ ಅಂದುಕೊಂಡಳು.

ಮುಂದಿನ ವಾರವೂ ಬೇಕಾಯಿತು. ಆಮೇಲೆ ಅವರು ಕೋಣೆಗೆ ಬರುತ್ತಲೇ ಎರಡು ಕೈ ಚಾಚಿ ನಿಲ್ಲುವುದು, ಅವಳು ಕಟ್ಟುವುದು ಅಭ್ಯಾಸವಾಗಿಹೋಯಿತು. ಅರವತ್ತು, ಅರವತ್ತೈದು, ಎಪ್ಪತ್ತು. ಒಂಬತ್ತನೆಯ ವಾರ ಎಂಬತ್ತು. ತೊಡೆ ಗಟ್ಟಿಯಾಗಿತ್ತು, ಸೊಂಟ ಸಲೀಸಾಗಿ ತಿರುಗುತ್ತಿತ್ತು. ಚಾರ್ಟಿನ ಅಂಕಿ ಮೆಟ್ಟಿಲು ಹತ್ತಿದ ಹಾಗೆ ಹತ್ತುತ್ತಿತ್ತು. ತನ್ನ ಕೈಯಿಂದ ಇಷ್ಟು ಒಳ್ಳೆಯ ಚಾರ್ಟು ಇನ್ನೊಂದು ಆಗಿಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಹತ್ತನೆಯ ವಾರದ ಶುಕ್ರವಾರ ಅವರು ನಗುತ್ತಲೇ ಬಂದರು.

"ದಾಟ್ತು ಮೇಷ್ಟ್ರೇ. ನಿನ್ನೆ. ಆಚೆ ದಡದಿಂದ ಹತ್ತು ಹೆಜ್ಜೆ ಮುಂದೆ ಹೋಗಿ ಬಿತ್ತು."

"ಸರ್, ನಿಜವಾಗ್ಲೂ?"

"ಚೆಂಡು ದಾಟ್ತು. ಸ್ಟಿಕ್ಕೂ ಹಿಂದೇನೇ ಹೊರಡ್ತು, ಅದು ಮಾತ್ರ ನೀರಿಗೆ." ಅವರು ಕೈ ಬೀಸಿ ತೋರಿಸಿದರು. "ಕೈಯಿಂದ ಹಾರಿಹೋಯ್ತು. ನಮ್ಮವರು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತ್ಬಿಟ್ರು. ಕೆರೆಗೆ ಬಾಗಿನ ಕೊಟ್ಟ ಅಂದ ಒಬ್ಬ."

ಅವಳೂ ನಕ್ಕಳು. ನಗುತ್ತಲೇ ಪಟ್ಟಿ ಕಟ್ಟಲು ಅವರ ಎಡಗೈ ಹಿಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಎಲ್ಲರಿಗೂ ಉಬ್ಬಿಕೊಂಡಿರುವ ಕಡೆ, ಒಂದು ಹಳ್ಳ ಬಿದ್ದಿತ್ತು. ಬಲಗೈಯಲ್ಲಿ ಅದು ಇರಲಿಲ್ಲ. ಐದು ವಾರದಿಂದ ವಾರಕ್ಕೆ ಮೂರು ಸಲ ಈ ಕೈಗೆ ಪಟ್ಟಿ ಕಟ್ಟಿದ್ದಳು. ಕಣ್ಣು ಮಣಿಕಟ್ಟಿನ ಮೇಲೆ ಮಾತ್ರ ಇತ್ತು.

"ಸರ್, ಇದು ಯಾವಾಗಿಂದ ಹೀಗಿದೆ?"

ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಆಸ್ಪತ್ರೆಗೆ ಹೋಗಿದ್ದೆ ಹೋದ ವಾರ. ಅಂಗಿ ಗುಂಡಿ ಹಾಕೋಕೆ ಕಷ್ಟ ಆಗ್ತಿತ್ತು ಅಂತ. ಚಾರ್ಟೂ ತಗೊಂಡು ಹೋಗಿದ್ದೆ. ಆ ಡಾಕ್ಟರು ನೋಡಿ, ಈ ವಯಸ್ಸಲ್ಲಿ ಎಂಬತ್ತು ಕಿಲೋ ಎತ್ತೋ ಕೈಗೆ ಏನ್ರೀ ಕಾಯಿಲೆ ಅಂದ್ರು. ಕತ್ತಲ್ಲಿ ನರ ಹಿಡ್ಕೊಂಡಿರ್ಬೇಕು, ಮಾತ್ರೆ ತಗೊಂಡು ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರು."

"ಪಟ್ಟಿ ವಿಷಯ ಹೇಳಿದ್ರಾ?"

"ಕೇಳ್ಲಿಲ್ಲ ಅವರು."

ಅವರು ಅವಳ ಮುಖ ನೋಡಲಿಲ್ಲ. ಸರಳಿನ ಕಡೆ ನೋಡುತ್ತ, "ಕುದುರೆಗೆ ಹೀಗಾಗಿದ್ರೆ ನೋಡಿದ ಕೂಡ್ಲೇ ಹೇಳ್ತಿದ್ದೆ," ಅಂದರು. "ಕಟ್ಟಿ ಮೇಷ್ಟ್ರೇ, ಹೊತ್ತಾಯ್ತು."

ಅವಳು ಅವತ್ತು ಕಟ್ಟಲಿಲ್ಲ. ಕಾಲಿನ ವ್ಯಾಯಾಮ ಮಾತ್ರ ಮಾಡಿಸಿ ಕಳಿಸಿದಳು.

ಮನೆಗೆ ಹೋಗಿ ಸಂಜೆ ತರಗತಿಯ ನೋಟ್ಸು ಹುಡುಕಿದಳು. ಎರಡನೆಯ ವರ್ಷದ ಪುಸ್ತಕದಲ್ಲಿ ಸಿಕ್ಕಿತು. ಅವಳದೇ ದುಂಡು ಅಕ್ಷರ: 'ಪಟ್ಟಿ ಕಟ್ಟಿದರೆ ಚಾರ್ಟಿನಲ್ಲಿ ಬರೆಯಲೇಬೇಕು. ಕಟ್ಟಿದಾಗ ಕೈಯ ಬಲ ತಿಳಿಯುವುದಿಲ್ಲ.' ಕೆಳಗೆ ಎರಡು ಗೆರೆ ಎಳೆದಿದ್ದಳು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು, ಸರಿಯಾಗಿ ಬರೆದೂ ಇದ್ದಳು.

ಶನಿವಾರ ಫೋನು ಕೈಗೆ ತೆಗೆದುಕೊಂಡು ಇಟ್ಟಳು. ಅದು ಬರೀ ಕತ್ತಿನ ನರವೇ ಆಗಿದ್ದರೆ? ಇಲ್ಲದ್ದನ್ನು ಹೇಳಿ ಒಂದು ಮನೆಯನ್ನೇ ಹೆದರಿಸಿದಂತಾಗುತ್ತದೆ. ಅಲ್ಲದೆ ಕ್ಲಬ್ಬಿನ ಮ್ಯಾನೇಜರಿಗೆ ತಿಳಿದರೆ, ರುಜು ಯಾರದು ಎಂದು ಮೊದಲು ಕೇಳುತ್ತಾನೆ. ಹೀಗೆ ಯೋಚಿಸುವಾಗ ತನ್ನ ಬಗ್ಗೆಯೇ ಅಸಹ್ಯವಾಯಿತು. ಭಾನುವಾರವೂ ಕಳೆಯಿತು. ಸೋಮವಾರ ಅವರು ವ್ಯಾಯಾಮಕ್ಕೆ ಬರಲಿಲ್ಲ. ಮಧ್ಯಾಹ್ನ ಅವಳು ವಿಳಾಸದ ಪುಸ್ತಕ ನೋಡಿ ಅವರ ಮನೆಗೆ ಹೋದಳು.

ಬಾಗಿಲು ತೆರೆದವರು ಅವರ ಹೆಂಡತಿ, ಟೀಚರು. ಗಿಡ್ಡ ಮೈಕಟ್ಟು, ಮೂಗಿನ ತುದಿಯಲ್ಲಿ ಕನ್ನಡಕ.

"ಓ, ನೀವೇನಾ ನಮ್ಮ ಪೈಲ್ವಾನರ ಗುರುಗಳು? ಬನ್ನಿ ಬನ್ನಿ. ಇವತ್ತು ಅವರಿಗೆ ಮೈ ಸರಿ ಇಲ್ವಂತೆ. ಬೂಟಿನ ಲಾಡಿ ಕಟ್ಕೊಳ್ಳೋಕೂ ಸೋಮಾರಿತನ ಬಂದ್ರೆ ಮೈ ಹೇಗೆ ಸರಿ ಇರುತ್ತೆ."

ಅಡುಗೆಮನೆಯಲ್ಲೇ ಕೂರಿಸಿದರು. ಪಶುವೈದ್ಯರು ಮೇಜಿನ ಆ ಬದಿಗೆ ಕೂತಿದ್ದರು. ಅವಳನ್ನು ಕಂಡು ತಲೆ ಬಗ್ಗಿಸಿದರು. ಫ್ರಿಜ್ಜಿನ ಬಾಗಿಲ ಮೇಲೆ ಚಾರ್ಟು ಇತ್ತು. ಕೊನೆಯ ಅಂಕಿಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ವೃತ್ತ ಎಳೆದಿದ್ದರು.

"ನಾನೇ ಹಾಕಿದ್ದು," ಅಂದರು ಟೀಚರು. "ಮೊನ್ನೆ ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೀರಿ ಅಂದ್ರೆ ಆಗಲ್ಲ ಅಂತಾರೆ. ಎಂಬತ್ತು ಕಿಲೋ ಎತ್ತೋರಿಗೆ ಮುಚ್ಚಳ ತೆಗೆಯೋಕಾಗಲ್ವಾ ಅಂದೆ. ಕ್ಲಬ್ಬಲ್ಲಿ ಭೀಮ, ಮನೇಲಿ ಬಸವನಹುಳು. ದಿನಾ ಇದೇ ಆಯ್ತು ನಮ್ಮ ಮನೇಲಿ. ತಟ್ಟೆ ಕೈಯಿಂದ ಬೀಳಿಸ್ತಾರೆ, ತೊಳೆಯೋ ಕೆಲಸ ತಪ್ಪುತ್ತಲ್ಲ ಅಂತ."

"ಟೀಚರ್," ಅಂದಳು ಅವಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಯಾವುದೂ ನೆನಪಾಗಲಿಲ್ಲ. "ಅದು ಕೈಯಿಂದ ಎತ್ತಿದ್ದಲ್ಲ."

"ಅಂದ್ರೆ?"

ಚೀಲದಿಂದ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವು ಏನು ಮಾಡುತ್ತವೆ ಎಂದು ವಿವರಿಸಿದಳು. ಒಂದನ್ನು ತನ್ನ ಮಣಿಕಟ್ಟಿಗೆ ಬಿಗಿದು, ಕುರ್ಚಿಯ ಬೆನ್ನಿನ ಅಡ್ಡಮರಕ್ಕೆ ಸುತ್ತಿ, ತನ್ನ ಬೆರಳುಗಳನ್ನು ಪೂರ್ತಿ ಬಿಡಿಸಿ, ಕುರ್ಚಿಯನ್ನು ಎತ್ತಿ ತೋರಿಸಿದಳು. ಕುರ್ಚಿ ಅವಳ ಮಣಿಕಟ್ಟಿನಿಂದ ನೇತಾಡಿತು.

ಟೀಚರು ಕುರ್ಚಿಯನ್ನು ನೋಡಿದರು. ಎದ್ದು ಹೋಗಿ ಫ್ರಿಜ್ಜಿನಿಂದ ಚಾರ್ಟು ಬಿಡಿಸಿ ತಂದರು.

"ಯಾವ ವಾರದಿಂದ?"

"ಐದನೇ ವಾರದಿಂದ."

"ಐದು." ಬೆರಳಿಟ್ಟು ಸಾಲುಗಳನ್ನು ನೋಡುತ್ತ ಕೆಳಗೆ ಬಂದರು. ತಿದ್ದುವ ಪೇಪರಿನಲ್ಲಿ ತಪ್ಪು ಮೊದಲು ಎಲ್ಲಿ ಶುರುವಾಯಿತು ಎಂದು ಹುಡುಕುವಂತೆ. "ತಟ್ಟೆ ವಿಷಯ ಏಳನೇ ವಾರ. ಬಾಟಲಿ ಹತ್ತು."

"ನಾನೇ ಹೇಳಿದ್ದು ಕಣೇ ಬರೀಬೇಡಿ ಅಂತ," ಅಂದರು ಪಶುವೈದ್ಯರು.

"ನೀವು ಸುಮ್ನಿರಿ." ದನಿ ಏರಲಿಲ್ಲ. "ನನ್ನ ಮಾತಿಗೆ ಹೆದರಿ ಅಲ್ವಾ ಹೇಳಿದ್ದು."

ಅವರು ಎಡಗೈಯನ್ನು ಮೇಜಿನ ಕೆಳಗೆ ಇಳಿಸಿದರು.

ಟೀಚರು ಅವರ ಎಡಗೈಯನ್ನು ಎಳೆದುಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆರಳಿನ ಪಕ್ಕದ ಹಳ್ಳದಲ್ಲಿ ತಮ್ಮ ಬೆರಳು ಇಟ್ಟು ನೋಡಿದರು. ಅದು ಅಲ್ಲಿ ಕೂತಿತು. ತುಂಬಾ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದರು.

"ತಪ್ಪಾಯ್ತು ಟೀಚರ್," ಅಂದಳು ಅವಳು.

"ಹೌದಮ್ಮ, ತಪ್ಪೇ," ಅಂದರು ಟೀಚರು. ಪೆನ್ನು ತಂದು ಅವಳ ಮುಂದಿಟ್ಟರು. "ಬರೀರಿ ಈಗ. ಪ್ರತಿ ಸಾಲಿನ ಮುಂದೇನೂ. ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಐದನೆಯ ವಾರದಿಂದ ಹದಿನೇಳು ಸಾಲುಗಳಿದ್ದವು. ಹದಿನೇಳು ಸಲ 'ಪಟ್ಟಿ ಕಟ್ಟಿ' ಎಂದು ಬರೆದಳು. ಅಂಚಿನಲ್ಲಿ ಜಾಗ ಸಾಲದೆ ಅಕ್ಷರ ಸಣ್ಣದಾಗುತ್ತ ಹೋಯಿತು. ಮುಗಿದ ಮೇಲೆ ಟೀಚರು ಎಣಿಸಿ ನೋಡಿದರು.

ದೊಡ್ಡಾಸ್ಪತ್ರೆಯಲ್ಲಿ ಕೈಕಾಲಿಗೆಲ್ಲ ಸೂಜಿ ಚುಚ್ಚಿ ನೋಡಿದರಂತೆ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿದ್ದವು. ಎಡಗೈಯಲ್ಲಿ ಶುರುವಾಗಿದೆ, ಅಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ ಎಂದರಂತೆ. ಇದನ್ನೆಲ್ಲ ಟೀಚರು ಫೋನಿನಲ್ಲಿ ಹೇಳಿದರು, ಪಾಠ ಒಪ್ಪಿಸಿದ ಹಾಗೆ.

"ಐದು ವಾರ ಮೊದಲು ಬಂದಿದ್ರೆ ಅಂತ ಕೇಳಿದೆ," ಅಂದರು. "ಅಂಥ ವ್ಯತ್ಯಾಸ ಏನೂ ಆಗ್ತಿರ್ಲಿಲ್ಲ ಅಂದ್ರು."

ಹಾಗೆ ಆಸ್ಪತ್ರೆಯವರು ಹೇಳಿದ್ದೋ, ತನಗಾಗಿ ಟೀಚರೇ ಸೇರಿಸಿದ್ದೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. "ನನಗೆ ಆಗ್ತಿತ್ತು ವ್ಯತ್ಯಾಸ," ಅಂದರು ಟೀಚರು. "ಅಷ್ಟು ದಿನ ಬಾಯಿ ಮುಚ್ಕೊಂಡಿರ್ತಿದ್ದೆ." ಫೋನು ಇಟ್ಟುಬಿಟ್ಟರು.

ಅವಳು ಮ್ಯಾನೇಜರಿಗೆ ತಾನೇ ಹೋಗಿ ಹೇಳಿದಳು. ಅವನು, ಸದಸ್ಯರು ದೂರು ಕೊಟ್ಟಿಲ್ಲವಲ್ಲ ಎಂದ. ಅವಳಿಗೆ ಬೈಸಿಕೊಳ್ಳಬೇಕು ಅನ್ನಿಸಿತ್ತು. ಅವನು ಬೈಯಲಿಲ್ಲ.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಇಬ್ಬರೂ ನೆಲಮಾಳಿಗೆಗೆ ಇಳಿದು ಬಂದರು. ಟೀಚರು ಮುಂದೆ, ಒಂದು ಮೆಟ್ಟಿಲಿಗೊಮ್ಮೆ ನಿಂತು ಹಿಂದೆ ನೋಡುತ್ತ. ಪಶುವೈದ್ಯರ ಅಂಗಿಯ ಭುಜಗಳು ಅಗಲವಾಗಿ ಕಾಣುತ್ತಿದ್ದವು. ಒಳಗಿನ ಮೈ ಸಣ್ಣದಾಗಿತ್ತು.

"ಹೊಸ ಕಾರ್ಯಕ್ರಮ ಬರೀರಿ ಮೇಷ್ಟ್ರೇ," ಅಂದರು. "ಈ ಸಲ ಕೆರೆ ಬೇಡ. ಇರೋದನ್ನ ಇಟ್ಕೊಂಡ್ರೆ ಸಾಕು."

"ಆಸ್ಪತ್ರೆಯವರು ಮಾಡಬಹುದು ಅಂದಿದ್ದಾರೆ. ಸುಸ್ತಾಗದ ಹಾಗೆ," ಅಂದರು ಟೀಚರು, ಅವಳ ಕಡೆ ನೇರವಾಗಿ ನೋಡದೆ.

ಅವಳು ಅವರನ್ನು ಬೆಂಚಿನ ಮೇಲೆ ಕೂರಿಸಿ ಎಡಗೈಗೆ ಒಂದು ಕಿಲೋದ ಡಂಬೆಲ್ ಕೊಟ್ಟಳು. ಕೆಳಗೆ ತನ್ನ ಅಂಗೈ ಹಿಡಿದಳು, ಮುಟ್ಟದೆ. ಒಂದು. ಎರಡು. ಮೂರು. ನಾಲ್ಕು. ಐದನೆಯದು ಅರ್ಧಕ್ಕೆ ಬಂದು, ನಡುಗಿ, ಅವಳ ಅಂಗೈಗೆ ಇಳಿಯಿತು.

"ಐದು ಅಂತ ಬರ್ಕೊಳ್ಳಿ ಮೇಷ್ಟ್ರೇ," ಅಂದರು. ನಗಲು ನೋಡಿದರು. "ಅರ್ಧ ಅಲ್ವಾ, ಮೇಲಕ್ಕೆ ಹಾಕ್ಕೊಳ್ಳಿ."

ಟೀಚರು ಇತ್ತ ತಿರುಗಿದರು.

"ನಾಲ್ಕು ಸರ್," ಅಂದಳು ಅವಳು. ಬರೆದಳು. ಚಾರ್ಟಿನ ಹಲಗೆಯನ್ನು ತೊಡೆಗೆ ಒತ್ತಿ ಹಿಡಿದು ರುಜು ಹಾಕಿದಳು.

ಪಶುವೈದ್ಯರು ತಲೆಯಾಡಿಸಿದರು. "ಸರಿ. ನಾಲ್ಕು." ಆಮೇಲೆ ಮೇಲಿನ ಹುಲ್ಲಿನ ಕಡೆಗೆ ಗಲ್ಲ ಎತ್ತಿ ತೋರಿಸಿ, "ಬಂದಿದ್ದಾಗಿದೆ, ಹತ್ತು ಚೆಂಡು ಮೆಲ್ಲಗೆ ತಳ್ಳಿ ಬರ್ತೀನಿ," ಅಂದರು.

ಅವಳು ಚಾರ್ಟು ಮಡಚಿ ಕೊಡಲು ಮೆಟ್ಟಿಲು ಹತ್ತಿ ಬಂದಾಗ, ಇಬ್ಬರೂ ಬಾಗಿಲ ಹೊರಗಿನ ಬೆಂಚಿನಲ್ಲಿದ್ದರು. ಟೀಚರು ಅವರ ಎಡಗೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಆಟದ ಬಿಳಿ ಕೈಗವಸು ತೊಡಿಸುತ್ತಿದ್ದರು. ಆ ಕೆಲಸ ಅವರಿಗೆ ಹೊಸದು. ಒಂದೊಂದು ಬೆರಳನ್ನೂ ನೆಟ್ಟಗೆ ಮಾಡಿ ಅದರದರ ಮನೆಗೆ ಸೇರಿಸುತ್ತ ಬಂದರು. ಕಿರುಬೆರಳು ಮಡಚಿಕೊಂಡು ಉಂಗುರ ಬೆರಳಿನ ಜೊತೆಗೇ ಒಳಗೆ ಹೋಯಿತು. ಪಶುವೈದ್ಯರು ಹುಲ್ಲು ನೋಡುತ್ತಿದ್ದರು. ಟೀಚರು ಗವಸನ್ನು ಪೂರ್ತಿ ಕಳಚಿ, ಒಳಗೆ ಒಮ್ಮೆ ಊದಿ, ಹೆಬ್ಬೆರಳಿನಿಂದ ಮತ್ತೆ ಶುರು ಮಾಡಿದರು.