ಐದನೆಯ ಕೋಟು

ನನ್ನ ಭಯಾನಕ ಕಾದಂಬರಿಗಳನ್ನು ಓದಿ ಇದುವರೆಗೆ ಒಬ್ಬರೂ ಎದೆಯೊಡೆದು ಸತ್ತಿಲ್ಲ. ಒಂದೂ ಅಚ್ಚಾಗಿಲ್ಲ ಎಂಬುದೇ ಅದಕ್ಕೆ ಕಾರಣ. ಏಳನ್ನು ಹಿಂದಿರುಗಿಸಿದ್ದ ಮುದ್ರಣಾಲಯದ ಯಜಮಾನರು ಎಂಟನೆಯದಕ್ಕೆ, ಅಂದರೆ ನನ್ನ ಹಿಮಭೂತದ ಕಥೆಗೆ, ಒಂದು ಷರತ್ತು ಹಾಕಿದರು.

“ನಮ್ಮ ಕರಡು ತಿದ್ದೋ ಅಕ್ಕ ಒಂದೇ ಒಂದು ಸಲ ಹೆದರಿದ್ರೆ ಅಚ್ಚು ಹಾಕ್ತೀನಿ. ಇಲ್ಲಾಂದ್ರೆ ಇನ್ಮೇಲೆ ನಮ್ಮ ಮೆಟ್ಟಿಲು ಹತ್ತಬೇಡ, ಪುಣ್ಯಾತ್ಮ.”

ಅಕ್ಕ ಭೂಕಂಪವಾದರೂ ಕೈಯಲ್ಲಿದ್ದ ವಾಕ್ಯ ಮುಗಿಸಿಯೇ ಏಳುವವರು. ಅವರು ಕರಡನ್ನು ಗಟ್ಟಿಯಾಗಿ ಓದುವುದು, ಅಕ್ಷರ ಜೋಡಿಸುವ ನನ್ನ ಭಾವ ಹಸ್ತಪ್ರತಿ ಹಿಡಿದು ಹೋಲಿಸುವುದು ಅಲ್ಲಿನ ಪದ್ಧತಿ. ಗಟ್ಟಿಯಾಗಿ ಎಂದರೆ ಚಿಹ್ನೆಗಳನ್ನೂ ಬಿಡದೆ.

ಮಧ್ಯಾಹ್ನದ ಊಟವಾದ ಮೇಲೆ ಓದು ಶುರುವಾಯಿತು. ಹೊರಗೆ ಹಿಮ ಬೀಳುತ್ತಿತ್ತು; ನನ್ನ ಪ್ರತಿಭೆಗೆ ಹೆದರಿಯೇ ಬೀಳುತ್ತಿದೆ ಎಂದುಕೊಂಡೆ.

“ಭೂತ ಗರ್ಜಿಸಿತು, ಆಶ್ಚರ್ಯಸೂಚಕ, ಆಶ್ಚರ್ಯಸೂಚಕ, ಆಶ್ಚರ್ಯಸೂಚಕ,” ಎಂದು ಅಕ್ಕ ಅಂಗಡಿ ಸಾಮಾನಿನ ಚೀಟಿ ಓದುವ ದನಿಯಲ್ಲಿ ಓದಿದರು. “ಅದರ ಬಾಯಿ ತುಂಬ ಹುಲ್ಲು, ಪೂರ್ಣವಿರಾಮ. ಏನೋ ಇದು, ದನಾನಾ?”

“ಹಲ್ಲು ಅಕ್ಕಾ, ಹಲ್ಲು! ಮುನ್ನೂರ ಅರವತ್ತು ಹಲ್ಲು!”

“ನಿನ್ನ ಕೈಬರಹದಲ್ಲಿ ಹುಲ್ಲು ಅಂತ ಓದೋಕಾಗಿದ್ದೇ ದೊಡ್ಡದು,” ಎಂದರು ಭಾವ. ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಆ ಭೂತವನ್ನು ನಾನು ಹದಿನಾರು ಪುಟ ವರ್ಣಿಸಿದ್ದೆ. ನಾಲ್ಕು ಮಹಡಿ ಎತ್ತರ. ಸೀನಿದರೆ ಪಕ್ಕದೂರಿನ ಹೆಂಚು ಹಾರಬೇಕು. ಅಕ್ಕ ಆಕಳಿಸಿದರು.

“ಅಷ್ಟು ದೊಡ್ಡದಾದ್ರೆ ಹರದಾರಿ ದೂರದಿಂದಲೇ ಕಾಣುತ್ತಲ್ಲೋ. ಕಂಡೋರು ಓಡಿಹೋಗ್ತಾರೆ. ಹೆದರೋಕೆ ಪುರುಸೊತ್ತೆಲ್ಲಿ?”

ನನ್ನ ಎಂಟನೆಯ ಮಗುವಿನ ಕಥೆ ಮುಗಿಯಿತು ಎಂದುಕೊಂಡೆ. ಯಜಮಾನರು ಹಸ್ತಪ್ರತಿ ಕಟ್ಟಿ ಹಿಂದಿರುಗಿಸಲು ದಾರ ಹುಡುಕತೊಡಗಿದರು. ಅಕ್ಕ ಮೂರನೆಯ ಅಧ್ಯಾಯಕ್ಕೆ ಹಾಳೆ ತಿರುಗಿಸಿದರು. ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹಿಮದಲ್ಲಿ ನಡೆದು ಮನೆ ಸೇರಿ, ಬಾಗಿಲು ಭದ್ರಪಡಿಸಿ, ಒಲೆಯ ಮುಂದೆ ಕುಳಿತಿದ್ದರು.

“ಗೋಡೆಯ ಮೊಳೆಗಳಲ್ಲಿ ಐದು ಕೋಟುಗಳು ತೂಗುತ್ತಿದ್ದವು, ಪೂರ್ಣವಿರಾಮ. ನಾಲ್ಕರಿಂದ ನೀರು ತೊಟ್ಟಿಕ್ಕುತ್ತಿತ್ತು, ಪೂರ್ಣವಿರಾಮ. ಐದನೆಯದರ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ…”

ಅಕ್ಕ ಪೂರ್ಣವಿರಾಮ ಹೇಳಲಿಲ್ಲ.

“ಮನೇಲಿ ನಾಲ್ಕೇ ಜನ ಅಲ್ವೇನೋ?” ಎಂದರು, ದನಿ ತಗ್ಗಿಸಿ.

ಮೊದಲ ಪ್ರತಿಯಲ್ಲಿ ಒಬ್ಬಳು ಅಜ್ಜಿಯಿದ್ದಳು. ಎಲ್ಲರಿಗಿಂತ ಹಿಂದೆ ಉಳಿದು ತಡವಾಗಿ ಬಂದವಳು. ಜನ ಹೆಚ್ಚಾದರು ಎಂದು ಭಾವ ಗೊಣಗಿದ್ದಕ್ಕೆ ಅವಳನ್ನು ಕಥೆಯಿಂದ ಹೊಡೆದುಹಾಕಿದ್ದೆ. ಕೋಟು ಹೊಡೆಯಲು ಮರೆತಿದ್ದೆ.

“ತಪ್ಪು ಎಣಿಕೆ, ನಾಲ್ಕು ಮಾಡಿಬಿಡಿ,” ಎಂದರು ಭಾವ. ಅಕ್ಕನ ಕೆಂಪು ಪೆನ್ಸಿಲ್ ಐದರ ಮೇಲೆ ಬಂದು ನಿಂತಿತು, ಕೆಳಗಿಳಿಯಲಿಲ್ಲ.

“ತಡಿ. ಇದು ಯಾರದ್ದು? ಹೇಳು. ಸುಮ್ಮನೆ ಹೆದರಿಸಿ ಕೈಬಿಟ್ರೆ ಓದಿದೋರು ನಿನ್ನ ಕೊರಳಪಟ್ಟಿ ಹಿಡೀತಾರೆ. ಮೊದಲು ನಾನೇ ಹಿಡೀತೀನಿ.” ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ ಹಾಳೆಯನ್ನು ನನ್ನತ್ತ ತಳ್ಳಿದರು.

ಎಲ್ಲ ಮೊದಲೇ ಯೋಚಿಸಿದ್ದೆ ಎಂಬಂತೆ ಹುಬ್ಬೇರಿಸಿದೆ. ಪ್ರಶ್ನೆಚಿಹ್ನೆಯ ಪಕ್ಕದಲ್ಲಿ ಬರೆದೆ: ‘ಅಜ್ಜಿಯದು. ಅವಳು ದಾರಿಯಲ್ಲೇ ಉಳಿದಳು. ಕೋಟು ಮನೆಗೆ ಬಂತು. ಒಲೆಯ ಹಿಂದಿನಿಂದ ಅವಳದೇ ದನಿ: ಬಾಗಿಲು ಹಾಕಿದಿರಾ, ಮಕ್ಕಳಾ?’

ಅಕ್ಕ ಓದಿದರು. ಒಂದು ಅಲ್ಪವಿರಾಮವನ್ನೂ ಉಚ್ಚರಿಸಲಿಲ್ಲ. ಆಮೇಲೆ ನನ್ನ ಹದಿನಾರು ಪುಟಗಳ ಮೇಲೆ, ಮುನ್ನೂರ ಅರವತ್ತು ಹಲ್ಲುಗಳೂ ಉದುರುವಂತೆ, ಉದ್ದಕ್ಕೂ ಕೆಂಪು ಗೆರೆ ಎಳೆದರು.

“ಭೂತ ಎಲ್ಲಿ ಅಕ್ಕಾ?” ಎಂದು ನಾನು ಕಂಗಾಲಾಗಿ ಕೇಳಿದೆ.

“ಒಳಗೇ ಇದೆಯಲ್ಲಪ್ಪಾ,” ಎಂದರು ಅಕ್ಕ.

ಯಜಮಾನರು ದಾರವನ್ನು ಮೇಜಿನ ಖಾನೆಯೊಳಗೆ ಹಾಕಿ, “ಅಚ್ಚಿಗೆ ಹೋಗಲಿ,” ಎಂದರು.

ಸಂಜೆ ಬಾಗಿಲು ಹಾಕುವಾಗ ಅಕ್ಕ ಗೋಡೆಯ ಮುಂದೆ ನಿಂತು, ಬೆರಳು ಮಡಚಿ ನಮ್ಮ ಕೋಟುಗಳನ್ನು ಎಣಿಸಿದರು. ನಾಲ್ಕು ಜನ, ನಾಲ್ಕು ಕೋಟು. ಜಗತ್ತಿನ ಅತಿ ಭಯಂಕರ ಲೇಖಕನಾದ ನಾನೂ ಎಣಿಸಿದೆ. ಹೆದರಿ ಅಲ್ಲ, ಲೆಕ್ಕ ಸರಿಯಿರಲಿ ಎಂದು. ಮೂರು ಸಲ.