ಒಬ್ಬರೇ ಒತ್ತುವ ಬಟನ್

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬಟನಕ್ಕ ಎನ್ನುತ್ತಿದ್ದರು. ಜನ ತಮ್ಮ ಫೋಟೋಗಳನ್ನು ಇಟ್ಟುಕೊಳ್ಳುವ ಆ್ಯಪ್ ನಡೆಸುವ ಕಂಪನಿ ಅದು. ಅಲ್ಲಿ ಬೇಸರವಾದವರ ಫೋಟೋಗಳನ್ನೆಲ್ಲ ಗಂಟುಮೂಟೆ ಕಟ್ಟಿ ಬೇರೆ ಆ್ಯಪ್‌ಗೆ ಸಾಗಿಸಿಕೊಡುವ ಬಟನ್ ಒಂದಿತ್ತು. ಹಗಲಿರುಳು ಒದ್ದಾಡಿ ಅದನ್ನು ಮಾಡಿದವಳು ಇವಳೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಅವಳಿಗೆ ಆ ಬಟನ್ ಎಂದರೆ ಪ್ರಾಣ. ಬಳಸುವ ಜನಕ್ಕೆ ಮಾತ್ರ ಅಂಥದ್ದೊಂದು ಇದೆಯೆಂಬುದೇ ಗೊತ್ತಿರಲಿಲ್ಲ.

“ವರ್ಷದಲ್ಲಿ ಇದನ್ನ ಒತ್ತಿದವರು ಒಬ್ಬರೇ ಕಣ್ರೀ,” ಎಂದರು ಮ್ಯಾನೇಜರ್. “ಅವರೂ ಎಲ್ಲಿಗೂ ಹೋಗಿಲ್ಲ. ಶುಕ್ರವಾರ ತೆಗೆದುಬಿಡೋಣ. ನೀವು ಜಾಹೀರಾತು ವಿಭಾಗಕ್ಕೆ ಬನ್ನಿ.”

ಜಾಹೀರಾತು ವಿಭಾಗವೆಂದರೆ ಯಾರದೋ ಮಗುವಿನ ಒಂದು ನಗುವಿಗೂ ಇನ್ನೊಂದು ನಗುವಿಗೂ ನಡುವೆ ಕಿಟಕಿ ಪರದೆ ಮಾರುವ ಕೆಲಸ. ಅವಳಿಗೆ ಅಳುವೇ ಬಂತು.

“ಆ ಒಬ್ಬರು ಬಂದು ಬಟನ್ ಬೇಕೇ ಬೇಕು ಅಂದ್ರೆ?”

“ಕರ್ಕೊಂಡು ಬನ್ನಿ, ನೋಡೋಣ.”

ಆ ಒಬ್ಬರನ್ನು ಹುಡುಕುವುದೇನೂ ಕಷ್ಟವಿರಲಿಲ್ಲ. ಬಟನ್ ಒತ್ತಿದಾಗಲೆಲ್ಲ ಅವರೇ ಸಹಾಯವಾಣಿಗೆ ಫೋನ್ ಮಾಡಿ, “ಗಂಟು ಕಟ್ಟಿದ್ದೀನಿ ಅಂತ ನಿಮ್ಮ ಮೇಲಿನವರಿಗೆ ಹೇಳಿ. ಮಾತಾಡೋದಿದ್ರೆ ಅಂಗಡಿಗೆ ಬರ್ಲಿ,” ಎಂದು ವಿಳಾಸ ಕೊಡುತ್ತಿದ್ದರು.

ಅದು ಕನ್ನಡಕದ ಅಂಗಡಿ. ಯಜಮಾನರು ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕ ಏರಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಫ್ರೇಮೊಂದರ ಸ್ಕ್ರೂ ಬಿಗಿಮಾಡುತ್ತಿದ್ದರು. ಎಲ್ಲಿಂದ ಬಂದೆನೆಂದು ಬಟನಕ್ಕ ಹೇಳಿದ್ದೇ ತಡ, ಯಜಮಾನರು ಬೀಗಿಹೋದರು.

“ನೋಡೇ, ಬೇಡಿಕೊಳ್ಳೋಕೆ ಕಳಿಸಿದ್ದಾರೆ.”

“ಯಾವ ಆ್ಯಪ್‌ಗೆ ಹೋಗ್ಬೇಕು ಅಂತಿದ್ದೀರಾ ಸಾರ್?”

“ಎಲ್ಲಿಗೂ ಇಲ್ಲಮ್ಮ. ಹೋಗಿ ಏನ್ ಮಾಡ್ಲಿ, ಎಲ್ಲಾ ಒಂದೇ. ನೀವು ತಲೆಹರಟೆ ಮಾಡಿದಾಗ ಹೆದರಿಸೋಕೆ ಒತ್ತೋದು. ನಾನು ಹಲ್ಲು ಕೀಳಿಸಿಕೊಂಡಿದ್ದ ಫೋಟೋಗೆ ಹಾಡು ಸೇರಿಸಿ, ಮರೆಯಲಾಗದ ಕ್ಷಣ ಅಂತ ಕಳಿಸಿದ್ರಲ್ಲ, ಅವತ್ತು ಎರಡು ಸಲ ಒತ್ತಿದೆ.”

ಇದ್ದೊಬ್ಬ ಸಾಕ್ಷಿಯ ಹಣೆಬರಹ ಇದು. ಆದರೂ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಬಟನಕ್ಕ ಶುಕ್ರವಾರ ಅವರನ್ನು ಆಫೀಸಿಗೆ ಕರೆತಂದಳು. ಗಂಡ ಹೊರಗೆ ಹೋಗಿ ಏನು ಮಾತಾಡಿಬಿಡುತ್ತಾರೋ ಎಂಬ ಭಯಕ್ಕೆ ಹೆಂಡತಿಯೂ ಜೊತೆಗೆ ಹೊರಟುಬಂದರು.

ಮ್ಯಾನೇಜರ್ ನೀರು ಕೊಡಿಸಿ, ನಯವಾಗಿಯೇ ಕೇಳಿದರು. “ನೀವು ಹೋಗಲ್ಲ ಅಂತೀರಿ. ಹಾಗಿದ್ಮೇಲೆ ಬಟನ್ ಯಾಕೆ?”

“ತೆಗೆದ್ರೆ ಅವತ್ತೇ ಹೋಗ್ತೀನಿ.”

“ಬಟನ್ ಇಲ್ದೆ ಹೇಗೆ ಹೋಗ್ತೀರಾ?”

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಉತ್ತರ ಮಾತ್ರ ಕಾಣಲಿಲ್ಲ. ಬಟನಕ್ಕ ಮನಸ್ಸಿನಲ್ಲೇ ಪರದೆ ಮಾರಲು ಶುರುಮಾಡಿದಳು.

ಆಗ ಹೆಂಡತಿ ಬಾಯಿಬಿಟ್ಟರು. “ಜಗಳ ಆದಾಗೆಲ್ಲ ನಾನು ಸೂಟ್‌ಕೇಸ್ ತುಂಬಿ ಬಾಗಿಲ ಹತ್ರ ಇಡ್ತಿದ್ದೆ. ಒಂದು ದಿನವೂ ಹೊಸ್ತಿಲು ದಾಟಿದವಳಲ್ಲ. ಅದು ಕಣ್ಣಿಗೆ ಬಿದ್ರೆ ಸಾಕು, ಇವರ ಮಾತು ಮೆತ್ತಗಾಗೋದು. ಒಂದ್ಸಲ ಇವರೂ ನಿಮ್ಮ ಹಾಗೇ ಬುದ್ಧಿ ಓಡಿಸಿ ಸೂಟ್‌ಕೇಸ್ ಬಚ್ಚಿಟ್ರು.”

“ಆಮೇಲೆ?”

“ಬರಿಗೈಲಿ ಹೋದೆ.”

ಮ್ಯಾನೇಜರ್ ಯಜಮಾನರ ಕಡೆ ತಿರುಗಿದರು. ಅವರ ದನಿಯಲ್ಲಿ ಆಫೀಸಿನ ಗತ್ತು ಇರಲಿಲ್ಲ; ಮನೆಯಲ್ಲಿ ಅದೇ ಕಷ್ಟ ಉಂಡವರ ಹಾಗೆ ಕೇಳಿದರು.

“ವಾಪಸ್ ಹೇಗೆ ಕರ್ಕೊಂಡು ಬಂದ್ರಿ?”

“ಎಷ್ಟು ಸಲ ಇವಳ ತವರಿಗೆ ಹೋದ್ರೂ ಬಾಗಿಲು ತೆಗೀಲಿಲ್ಲ ಸಾರ್. ಕೊನೆಗೆ ಹೊಸ ಸೂಟ್‌ಕೇಸ್ ತಗೊಂಡು ಹೋದೆ. ಹಳೇದಕ್ಕಿಂತ ದೊಡ್ಡದು.”

“ಚಕ್ರ ಇರೋದು,” ಎಂದು ಹೆಂಡತಿ ಸೇರಿಸಿದರು.

ಮ್ಯಾನೇಜರ್ ಬಟನಕ್ಕನ ಕಡೆ ನೋಡಿ, “ಅದನ್ನ ಇನ್ನೂ ಸ್ವಲ್ಪ ದೊಡ್ಡದು ಮಾಡೋಕಾಗುತ್ತಾ?” ಎಂದರು.